ಸಾಲಿನ ಕೊನೆಯಲ್ಲಿ ಸಾಲ್ಕಿನ್

ಬೆಳಗಿನ ಜಾವ ನಾಲ್ಕೂವರೆ. ಕೋಕ್-ಬೆಲ್ ಕಣಿವೆದಾರಿಯ ತಳದಲ್ಲಿ ಡೇರೆಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಸಾಲ್ಕಿನ್ ಜುಮಾಬಾಯೆವಾ ಹಾಲು ಚಹಾ ಒಲೆಗಿಟ್ಟಿದ್ದಾರೆ. ಅದು ಕುದಿ ಬರುವಷ್ಟರಲ್ಲಿ ನಾಲ್ಕು ಸಲ ಎದ್ದು ಓಡಾಡಿದ್ದಾರೆ. ಒಮ್ಮೆ ಮೋಡ ನೋಡುತ್ತಾರೆ, ಮತ್ತೊಮ್ಮೆ ಡೇರೆಗಳ ಪಕ್ಕ ನಿಂತು ಕಿವಿಗೊಡುತ್ತಾರೆ.

"ಯಾರು ಹೆಂಗೆ ಕೆಮ್ತಾರೆ ಅಂತ ಈಗ್ಲೇ ಕೇಳ್ಕೋಬೇಕು. ಎದ್ದ ಮೇಲೆ ಎಲ್ರೂ ಸುಳ್ಳು ಹೇಳ್ತಾರೆ."

ಸಾಲ್ಕಿನ್‌ಗೆ ಐವತ್ತೊಂದು ವರ್ಷ. ಚಾರಣ ಕಂಪನಿಯ ಕಾಗದದಲ್ಲಿ ಅವರು ಅಡುಗೆಯವರು. ನಿಜವಾದ ಕೆಲಸಕ್ಕೆ ಅಲ್ಲಿ ಹೆಸರೇ ಇಲ್ಲ. ಅವರು ಚಾರಣಿಗರ ಸಾಲಿನ ಕೊನೆಯಲ್ಲಿ ನಡೆಯುತ್ತಾರೆ. ಬೆನ್ನ ಮೇಲೆ ಹದಿನೆಂಟು ಕಿಲೋ, ದಿನಕ್ಕೆ ಹದಿನೈದು ಹದಿನಾರು ಕಿಲೋಮೀಟರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹನ್ನೊಂದು ವರ್ಷದ ಹಿಂದೆ ಅವರು ಬರೀ ಅಡುಗೆಯನ್ನೇ ಮಾಡುತ್ತಿದ್ದರು. ಒಂದು ಸಂಜೆ ಒಂಬತ್ತು ಬಟ್ಟಲಲ್ಲಿ ಒಂದು ಬಟ್ಟಲು ಸಾರು ಹಾಗೇ ಉಳಿಯಿತು; ಒಬ್ಬ ಚಾರಣಿಗ ಬಂದಿರಲಿಲ್ಲ. ಮುಂದಿನವರು ಆತ ಹಿಂದಿದ್ದಾನೆ ಅಂದುಕೊಂಡಿದ್ದರು, ಹಿಂದಿನವರು ಮುಂದೆ ಹೋದ ಅಂದುಕೊಂಡಿದ್ದರು. "ಬೆಳಿಗ್ಗೆ ಸಿಕ್ಕ. ಉಸಿರಿರ್ಲಿಲ್ಲ. ನಾನು ಆ ಸಾರನ್ನ ಮೂರು ಸಲ ಬಿಸಿ ಮಾಡಿಟ್ಟಿದ್ದೆ," ಎನ್ನುತ್ತಾರೆ. ಮರುವಾರವೇ ಅವರು ಸೌಟು ಚೀಲಕ್ಕೆ ತುರುಕಿ ಸಾಲಿನ ಹಿಂದೆ ನಡೆಯತೊಡಗಿದರು. ಯಾರೂ ಹೇಳಿರಲಿಲ್ಲ.

ಇಂದು ಬಿಷ್ಕೆಕ್‌ನ ಆರು ಮಂದಿ ಗೆಳೆಯರ ತಂಡ, ಏಳನೆಯವನು ನಾನು. ಐದು ದಿನದಿಂದ ಒಂದೇ ಪಾತ್ರೆಯಲ್ಲಿ ಉಂಡು, ಕಾಲಿನ ಬೊಬ್ಬೆಗೆ ಒಂದೇ ಮುಲಾಮು ಹಂಚಿಕೊಂಡು ನಡೆದಿದ್ದೇವೆ. ಮುಂದೆ ಮಾರ್ಗದರ್ಶಿ ಎರ್ಮೆಕ್. ಮಧ್ಯಾಹ್ನದೊಳಗೆ ಕಣಿವೆದಾರಿಯ ನೆತ್ತಿ ದಾಟಿ ಬೆಟ್ಟದ ಆಚೆ ಇಳಿಯಬೇಕು, ಆಮೇಲೆ ಮೋಡ ಬಿಡುವುದಿಲ್ಲ.

ಒಂಬತ್ತರ ಹೊತ್ತಿಗೆ ಸಾಲ್ಕಿನ್ ಕಣ್ಣು ಇಶೆನ್ ಮೇಷ್ಟ್ರ ಮೇಲೆ ನಿಲ್ಲುತ್ತದೆ. ಅರವತ್ಮೂರರ ಈ ಭೂಗೋಳದ ಮೇಷ್ಟ್ರು ಆ ಆರು ಗೆಳೆಯರಲ್ಲೊಬ್ಬರು, ನಮ್ಮೆಲ್ಲರ ನಗೆಗಾರ.

"ಮೇಷ್ಟ್ರೇ, ಬೂಟಿನ ಲೇಸ್ ಬಿಚ್ಚಿದೆ."

"ಇರ್ಲಿ ಬಿಡಮ್ಮ, ಅದಕ್ಕೂ ಗಾಳಿ ಬೇಕು."

ಎಲ್ಲರೂ ನಗುತ್ತೇವೆ. ಸಾಲ್ಕಿನ್ ನಗುವುದಿಲ್ಲ. "ಬಗ್ಗಿದ್ರೆ ತಲೆ ಸಿಡಿಯುತ್ತೆ. ಅದಕ್ಕೇ ಕಟ್ತಿಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿ, ತಾವೇ ಮಂಡಿಯೂರಿ ಲೇಸು ಕಟ್ಟುತ್ತಾರೆ. ಆಮೇಲೆ ಹತ್ತು ಹೆಜ್ಜೆಗೊಮ್ಮೆ ಮೇಷ್ಟ್ರ ಕಾಲು, ಆಕಾಶ, ಮತ್ತೆ ಅವರ ಕಾಲು ನೋಡುತ್ತಾರೆ. ನೆತ್ತಿಗೆ ಇನ್ನೂರು ಮೀಟರು ಇರುವಾಗ ಮೇಷ್ಟ್ರು ಬಂಡೆ ಹಿಡಿದು ವಾಂತಿ ಮಾಡುತ್ತಾರೆ. ಎದ್ದವರು ಕುಡಿದವರಂತೆ ಓರೆಯಾಗಿ ನಡೆಯುತ್ತಾರೆ.

"ಸಾಕು. ಎತ್ತರ ತಲೆಗೆ ಹತ್ತಿದೆ, ಇಳಿದ್ರೇ ವಾಸಿಯಾಗೋದು. ಇಳಿಯೋಣ," ಎನ್ನುತ್ತಾರೆ ಸಾಲ್ಕಿನ್.

"ಮೂವತ್ತು ವರ್ಷ ಈ ಕಣಿವೆದಾರೀನ ನಕ್ಷೇಲಿ ತೋರ್ಸಿದೀನಿ. ಒಂದ್ಸಲ ಆ ನೆತ್ತೀಲಿ ನಿಲ್ಲಬೇಕು. ಒಂದೇ ಒಂದ್ಸಲ!"

"ನಿಲ್ಲೋದಕ್ಕೆ ಕಾಲು ಬೇಕಲ್ಲ. ಇಳೀರಿ."

"ಯಾರು ನೀನು ಹೇಳೋಕೆ? ಪಾತ್ರೆ ತೊಳೆಯೋಳು!"

"ಹೌದು, ಪಾತ್ರೆ ತೊಳೆಯೋಳೇ. ನಿಮ್ಮ ಮಗಳ ಹೆಸರು ಹೇಳಿ ನೋಡೋಣ."

ಮೇಷ್ಟ್ರು ಬಾಯಿ ತೆರೆಯುತ್ತಾರೆ. ಹೆಸರು ಬರುವುದಿಲ್ಲ. ಅವರ ಮುಖದ ಮೇಲೆ ಭಯ ಹರಿಯುತ್ತದೆ.

ಎರ್ಮೆಕ್ ಐವರನ್ನು ಕರೆದುಕೊಂಡು ಮೇಲೇರುತ್ತಾನೆ. ನಾವು ಮೂವರು ಇಳಿಯುತ್ತೇವೆ. ಸಾಲ್ಕಿನ್ ಮೇಷ್ಟ್ರ ಚೀಲವನ್ನು ಎದೆಗೆ ಕಟ್ಟಿಕೊಂಡಿದ್ದಾರೆ, ಒಂದು ಕೈ ಅವರ ಸೊಂಟಪಟ್ಟಿಯಲ್ಲಿದೆ. "ಬಲಗಾಲು, ಮೇಷ್ಟ್ರೇ. ಈಗ ಎಡಗಾಲು. ಬೈಯಿರಿ, ಪರವಾಗಿಲ್ಲ, ಬೈತಾ ಇಳೀರಿ." ಎರಡು ಸಲ ಮೇಷ್ಟ್ರು ಕೂತುಬಿಡುತ್ತಾರೆ, ಎರಡು ಸಲವೂ ಸಾಲ್ಕಿನ್ ಎಬ್ಬಿಸುತ್ತಾರೆ. ಆಲಿಕಲ್ಲು ಬೀಳತೊಡಗಿದಾಗ ತಮ್ಮ ಕೋಟು ಅವರ ತಲೆಗೆ ಹೊದಿಸುತ್ತಾರೆ. ಮೂರು ಗಂಟೆ, ಎಂಟುನೂರು ಮೀಟರು ಇಳಿಜಾರು. ಕುರಿ ಕಾಯುವವರ ಗುಡಾರ ಕಂಡಾಗ ಮೇಷ್ಟ್ರು ನಿಂತು, ಸ್ಪಷ್ಟವಾಗಿ ಹೇಳುತ್ತಾರೆ: "ಐಚುರೆಕ್. ನನ್ನ ಮಗಳು ಐಚುರೆಕ್." ಆಮೇಲೆ ಹುಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಾರೆ.

ಸಾಲ್ಕಿನ್‌ಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ಮೇಷ್ಟ್ರಿಗೆ ಚಹಾ ಕುಡಿಸಿ ಗುಡಾರದ ಬಾಗಿಲಿಗೂ ಒಳಕ್ಕೂ ಅಲೆಯುತ್ತಾರೆ. ಮೇಲೆ ನೆತ್ತಿ ಮಂಜಿನಲ್ಲಿ ಮುಳುಗಿದೆ. ಸಂಜೆ ಐದಕ್ಕೆ ವೈರ್‌ಲೆಸ್‌ನಲ್ಲಿ ಎರ್ಮೆಕ್ ಧ್ವನಿ ಗರಗರ ಕೇಳಿಸುತ್ತದೆ: "ಅಕ್ಕಾ, ಆಚೆ ಇಳಿದ್ವಿ. ಐದೂ ಜನ."

"ಕಣ್ಣಾರೆ ನೋಡಿ ಹೇಳ್ತಿದೀಯೋ, ಅಂದಾಜಿಗೋ?"

"ಮುಟ್ಟಿ ಮುಟ್ಟಿ ನೋಡ್ದೆ ಕಣಕ್ಕಾ!"

ಆಗ ಸಾಲ್ಕಿನ್ ಕೂರುತ್ತಾರೆ. ದಾರಿ ಹಿಡಿದ ಮೇಲೆ ಮೊದಲ ಸಲ. ಒಣ ಮೊಸರುಂಡೆ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚೀಪುತ್ತಾರೆ. ಹೊದ್ದು ಮಲಗಿದ್ದ ಮೇಷ್ಟ್ರು, "ನಿನ್ನನ್ನ ಸಾಯೋತನಕ ಮರೆಯಲ್ಲಮ್ಮ," ಎನ್ನುತ್ತಾರೆ.

ಸಾಲ್ಕಿನ್ ಮುಖ ಸಿಂಡರಿಸುತ್ತಾರೆ. ಆಮೇಲೆ ಹೊರಗೆ ಬಂದಾಗ, ನಿಮಗೇನು ಆಸೆ ಎಂದು ನಾನು ಕೇಳುತ್ತೇನೆ.

"ಜನ ನನ್ನ ಮರೀಬೇಕು," ಎನ್ನುತ್ತಾರೆ. "ಯಾರಾದ್ರೂ ಜ್ಞಾಪಕ ಇಟ್ಕೊಂಡ್ರು ಅಂದ್ರೆ ಅವತ್ತು ಏನೋ ಕೆಟ್ಟದ್ದಾಗಿತ್ತು ಅಂತ ಅರ್ಥ. ಮನೆಗೆ ಹೋಗಿ, ಬೆಟ್ಟ ಎಷ್ಟು ಚೆನ್ನಾಗಿತ್ತು ಅಂತ ಹೇಳಿದ್ರೆ ಸಾಕು ನಂಗೆ."