ಹುಲ್ಲಿನ ನೆರಳು

ಹೆಗ್ಗರಣೆಯ ತಿರುವಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಪಕ್ಕದ ಸೊಪ್ಪಿನ ಬೆಟ್ಟದಲ್ಲಿ ಗಂಡ ಹೆಂಡತಿ ಕರಡದ ಹುಲ್ಲು ಕೊಯ್ಯುತ್ತಿದ್ದರು. ಹೆಂಡತಿ ಮಾತ್ರ ಅಲ್ಲಲ್ಲಿ ಒಂದು ಹಿಡಿ ಹುಲ್ಲನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತಿದ್ದಳು.

"ಎಮ್ಮೆಗೇ ಹುಲ್ಲು ಸಾಕಾಗ್ತಿಲ್ಲೆ, ಅಷ್ಟೆಲ್ಲ ಎಂತಕ್ಕೆ ಬಿಡ್ತೆ?" ಗಂಡ ರೇಗಿದ.

ಆಕೆ ಕತ್ತಿ ಕೆಳಗಿಟ್ಟಳು. ನೋಡುತ್ತ ನಿಂತಿದ್ದ ನನ್ನನ್ನು ಕರೆದು, ಬಿಟ್ಟ ಹುಲ್ಲನ್ನು ಬಿಡಿಸಿ ತೋರಿಸಿದಳು. ಒಳಗೆ ಗೇಣುದ್ದದ ಮತ್ತಿ ಮರದ ಸಸಿ. "ಹುಲ್ಲಿಗೆ ಎಷ್ಟು ಬಿಸಿಲಾದ್ರೂ ಬೇಕು. ಈ ಮರಿ ಬೇಸಿಗೇಲಿ ಬಾಡಿ ಹೋಗ್ತದೆ ನೋಡಿ, ಇದಕ್ಕೆ ಹುಲ್ಲೇ ನೆರಳು."

"ಮರವಾದ ಮೇಲೆ ಇದರ ನೆರಳಲ್ಲಿ ಹುಲ್ಲು ಬರುವುದಿಲ್ಲವಲ್ಲ, ಅಕ್ಕಾ?"

"ಆಗ ತುದಿ ಬಿಟ್ಟು ಕೊಂಬೆ ಸವರ್ತೇವೆ. ತೋಟಕ್ಕೆ ಸೊಪ್ಪೂ ಆಯ್ತು, ಹುಲ್ಲಿಗೆ ಬಿಸಿಲೂ ಆಯ್ತು."

ಗಂಡ ಗೊಣಗುತ್ತ ಆಚೆ ಬದಿಗೆ ಹೋದ. ಅಷ್ಟರಲ್ಲಿ ಬಸ್ಸು ಬಂತು. ಕಿಟಕಿಯಿಂದ ತಿರುಗಿ ನೋಡಿದೆ. ಆತ ಕೊಯ್ದ ಜಾಗದಲ್ಲಿ ಒಂದು ಸಸಿ ಸುತ್ತಲೂ ಹುಲ್ಲಿಲ್ಲದೆ ಬೋಳಾಗಿ ನಿಂತಿತ್ತು. ಹೆಂಡತಿ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಆತ ಮಧ್ಯಾಹ್ನದ ಬಿಸಿಲು ಬೀಳುವ ಅದರ ಪಡುವಣ ಬದಿಗೆ ಸೊಪ್ಪಿನ ಟೊಂಗೆಗಳನ್ನು ಒಂದೊಂದಾಗಿ ಊರುತ್ತಿದ್ದ.