ಯಾವ ಕಲೆಯಾದರೂ ಸರಿ

ತಪ್ಪು ನನ್ನದೇ. ನೋಟೀಸು ಬರೆದವಳು ನಾನು.

ಬಸವನಗುಡಿಯಲ್ಲಿ ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರೊಬ್ಬರು ಮನೆಯ ಹಜಾರವನ್ನೇ ಚಿತ್ರಶಾಲೆ ಮಾಡಿಕೊಂಡಿದ್ದರು. ಗೋಡೆಯ ಮೇಲಿನ ಚಿತ್ರಗಳನ್ನು ನೋಡಲು ಒಂದು ನೊಣವೂ ಬರುತ್ತಿರಲಿಲ್ಲ. ಕಣ್ಣೆದುರಿಗೇ ಏನಾದರೂ ನಡೆದರೆ ಜನ ಬಂದಾರು ಎಂದು, ಒಂದು ಭಾನುವಾರ ಯಾರು ಬೇಕಾದರೂ ಬಂದು ತಮಗೆ ಬಂದದ್ದನ್ನು ಮಾಡಿ ತೋರಿಸಬಹುದು ಎಂದು ಗೊತ್ತುಮಾಡಿದರು. ನನ್ನ ಅಕ್ಷರ ದುಂಡಗಿದ್ದುದರಿಂದ ನೋಟೀಸು ನನ್ನ ಪಾಲಿಗೆ ಬಂತು. 'ಕಲೆ ಇರುವವರು ತಂದು ತೋರಿಸಿ. ಯಾವ ಕಲೆಯಾದರೂ ಸರಿ' ಎಂದು ಬರೆದೆ. ಚಾಮರಾಜಪೇಟೆಯ ನಮ್ಮ ಬೀದಿಯಲ್ಲೂ ಒಂದನ್ನು ಅಂಟಿಸಿದೆ.

ಆಗ ನನಗೆ ಹದಿನೇಳು. ಆ ಮೇಷ್ಟ್ರ ಹತ್ತಿರವೇ ಚಿತ್ರ ಕಲಿಯಬೇಕೆಂಬ ಹುಚ್ಚು. ತರಗುಪೇಟೆಯಲ್ಲಿ ಬೇಳೆ ಮಂಡಿ ಇಟ್ಟಿದ್ದ ಅಪ್ಪನಿಗೆ ಟೈಪ್‌ರೈಟಿಂಗ್ ಕಲಿಸುವ ಹುಚ್ಚು. ಎರಡು ದಿನ ಊಟ ಬಿಟ್ಟ ಮೇಲೆ ರಾಜಿಯಾಯಿತು. ಭಾನುವಾರ ನಾನು ಚಿತ್ರ ಬರೆಯುವುದನ್ನು ಹತ್ತು ಜನ ನಿಂತು ನೋಡಿದರೆ ಮೇಷ್ಟ್ರು, ಇಲ್ಲದಿದ್ದರೆ ಟೈಪು.

ಅದೇ ಹುಮ್ಮಸ್ಸಿನಲ್ಲಿ ಮನೆಯಲ್ಲಿ ಅಭ್ಯಾಸ ಮಾಡುತ್ತ ಅಪ್ಪನ ಬಿಳಿ ಶಲ್ಯದ ಮೇಲೆ ನೀಲಿ ಎಣ್ಣೆಬಣ್ಣ ಚೆಲ್ಲಿದೆ. ಯಾರಿಗೂ ಹೇಳದೆ ರಾಗಿ ಡಬ್ಬದ ಹಿಂದೆ ತುರುಕಿದೆ.

ಭಾನುವಾರ ಒಬ್ಬರು ಜಟಕಾ ಕುದುರೆಯ ಹಾಗೆ ಕೆನೆದರು. ಇನ್ನೊಬ್ಬರು ಮೂಗಿನಿಂದ ಕೊಳಲೂದಲು ಹೋಗಿ ಮುಂದಿನ ಸಾಲಿನವರ ಮೇಲೆ ಸೀನಿದರು. ಇನ್ನೇನು ನನ್ನ ಸರದಿ ಎನ್ನುವಾಗ ಬಾಗಿಲಲ್ಲಿ ನನ್ನ ಅಜ್ಜಿ, ಅಪ್ಪನ ತಾಯಿ. ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ಬಟ್ಟೆಯ ಗಂಟು.

ಬಟ್ಟೆಗೆ ಹತ್ತಿದ ಕಲೆ ತೆಗೆಯುವುದರಲ್ಲಿ ಅಜ್ಜಿ ನಮ್ಮ ಬೀದಿಗೇ ಹೆಸರಾದವಳು. ನೋಟೀಸನ್ನು ಅಕ್ಷರ ಕೂಡಿಸಿ ಓದಿ, ಬಸವನಗುಡಿಯವರು ತನಗೇ ಸವಾಲು ಹಾಕಿದ್ದಾರೆ ಎಂದುಕೊಂಡಿದ್ದಳು. ಅಕ್ಕಪಕ್ಕದ ಮನೆಗಳಲ್ಲೆಲ್ಲ ಕೇಳಿ ಬಟ್ಟೆ ಹೊಂದಿಸಿಕೊಂಡು ಬಂದಿದ್ದಳು.

"ನಿಮ್ಮದು ಯಾವ ಕಲೆ, ಅಮ್ಮಾ?" ಎಂದು ಮೇಷ್ಟ್ರು ಕೇಳಿದರು.

"ಎಲ್ಲಾ ಥರದ್ದೂ ತಂದಿದೀನಿ," ಎಂದು ಅಜ್ಜಿ ಗಂಟು ಬಿಚ್ಚಿದಳು.

ಅಂಟುವಾಳದ ನೊರೆ, ನಿಂಬೆಹಣ್ಣು, ಉಪ್ಪು. ಒಂದೊಂದು ಬಟ್ಟೆಯನ್ನೂ ಎತ್ತಿ ಹಿಡಿದು, ಅದರ ಚರಿತ್ರೆ ಹೇಳುತ್ತ ಉಜ್ಜಿದಳು. ಇದು ಸಕ್ಕರೆ ಕಾಯಿಲೆಯ ಯಜಮಾನರು ಕದ್ದು ತಿಂದ ಒಬ್ಬಟ್ಟಿನ ತುಪ್ಪದ್ದು. ಇದು ಹೊರಗಿನ ನೀರನ್ನೂ ಮುಟ್ಟದ ಮಹಾತಾಯಿ ಹೋಟೆಲ್ಲಿನಲ್ಲಿ ಚೆಲ್ಲಿಕೊಂಡ ಸಾಂಬಾರಿನದು. ಇಬ್ಬರೂ ಸಭೆಯಲ್ಲೇ ಕೂತಿದ್ದರು. ಜನ ಬಿದ್ದು ಬಿದ್ದು ನಕ್ಕರು, ಬೀದಿಯಲ್ಲಿ ಹೋಗುವವರೂ ಒಳಗೆ ನುಗ್ಗಿದರು. ನನಗೆ ಮಾತ್ರ ನಗು ಬರಲಿಲ್ಲ, ಗಂಟಿನ ತಳದಲ್ಲಿ ಶಲ್ಯ ಕಂಡಿತ್ತು.

ಅಜ್ಜಿ ಅದನ್ನೂ ಎತ್ತಿ ಹಿಡಿದಳು. ನಿಂಬೆ ತಿಕ್ಕಿದಳು, ಉಪ್ಪು ತಿಕ್ಕಿದಳು. ನೀಲಿ ಮೊದಲಿಗಿಂತ ಹೆಚ್ಚು ಹೊಳೆಯಿತು. ಇದು ಯಾರ ಕೆಲಸ ಎಂದು ಕೇಳಿದಾಗ ನಾನು ಎದ್ದು ನಿಂತೆ. ಮುಂದಿನ ಸಾಲಿನಲ್ಲಿದ್ದ ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ. ಅಜ್ಜಿ ಶಲ್ಯವನ್ನು ಹಿಂಡಿ ಅವರ ಕೈಗೆ ಕೊಟ್ಟಳು.

"ಇದು ಹೋಗೋ ಕಲೆ ಅಲ್ಲ ಕಣೋ. ಬಿಟ್ಬಿಡು."

ನಾನು ಕುಂಚ ಹಿಡಿಯುವಷ್ಟರಲ್ಲಿ ಜನರೆಲ್ಲ ಅಜ್ಜಿಯ ಸುತ್ತ ಸೇರಿ ತಮ್ಮ ತಮ್ಮ ಪಂಚೆಯ ಅಂಚು, ಸೆರಗು ತೋರಿಸುತ್ತಿದ್ದರು. ನನ್ನ ಚಿತ್ರ ನೋಡಿದವರು ಇಬ್ಬರು: ಮೇಷ್ಟ್ರು ಮತ್ತು ಕುದುರೆಯವರು. ಮನೆಗೆ ಬಂದು ಹಿತ್ತಲಲ್ಲಿ ಕೂತು ಅತ್ತೆ. ಅಜ್ಜಿಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಮರುದಿನ ಬೆಳಿಗ್ಗೆ ಅಪ್ಪ ಹೊರಡು ಎಂದರು. ಟೈಪಿಗೇ ಎಂದು ಮುಖ ಊದಿಸಿಕೊಂಡು ಜಟಕಾ ಹತ್ತಿದೆ. ಜಟಕಾ ಬಸವನಗುಡಿಯ ಕಡೆ ತಿರುಗಿತು. ಆಗಲೇ ನೋಡಿದ್ದು, ಅಪ್ಪನ ಹೆಗಲ ಮೇಲೆ ಅದೇ ಶಲ್ಯ, ನೀಲಿ ಮೇಲಾಗಿ.

"ಅಪ್ಪಾ, ಕಲೆ ಕಾಣ್ತಿದೆ," ಎಂದೆ.

"ಕಾಣ್ಲಿ ಬಿಡು. ಅದನ್ನ ತೋರ್ಸೋಕೇ ತಾನೆ ಹೋಗ್ತಿರೋದು."