ಯಾರ ಹತ್ತೂವರೆ

ಟೊರ್ನಿಯೊ ಊರಿನಲ್ಲಿ ಯಾರಾದರೂ ‘ಮೂರು ಗಂಟೆಗೆ ಬಾ’ ಎಂದರೆ, ಕೇಳಿಸಿಕೊಂಡವರು ಮೊದಲು ‘ಯಾರ ಮೂರು?’ ಎನ್ನುತ್ತಾರೆ. ನದಿಯ ಈ ದಡ ಫಿನ್ಲೆಂಡ್. ಆ ದಡ ಸ್ವೀಡನ್ನಿನ ಹಾಪಾರಂಡಾ. ಸೇತುವೆ ದಾಟುವುದಕ್ಕೆ ಹೆಚ್ಚು ಹೊತ್ತೇನೂ ಬೇಡ, ಆದರೆ ಆ ಕಡೆಯ ಗಡಿಯಾರ ಈ ಕಡೆಯದಕ್ಕಿಂತ ಒಂದು ಗಂಟೆ ಹಿಂದೆ. ಇಲ್ಲಿ ಹನ್ನೆರಡಾದಾಗ ಅಲ್ಲಿ ಹನ್ನೊಂದು.

ಕೈಸು ವಾರಾನಿಯೆಮಿ ಮೂವತ್ತೊಂದು ವರ್ಷದಿಂದ ಈ ಎರಡೂ ದಡಗಳಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರ ಪಾದ ನೋಡಿಕೊಳ್ಳುತ್ತಾಳೆ. ಬಗ್ಗಲಾರದವರ ಉಗುರು ತೆಗೆಯುವುದು, ಆಣಿ ತೆಗೆಯುವುದು, ಒಡೆದ ಹಿಮ್ಮಡಿಗೆ ಮುಲಾಮು ಹಚ್ಚುವುದು ಅವಳ ಕೆಲಸ. ಚೀಲದಲ್ಲಿ ಮಡಚುವ ಬೋಗುಣಿ, ಕತ್ತರಿಗಳು, ಒಂದು ದಿನಚರಿ ಪುಸ್ತಕ. ಈ ದಡದ ಮನೆಗಳನ್ನು ನೀಲಿ ಪೆನ್ಸಿಲಿನಲ್ಲಿ, ಆ ದಡದ ಮನೆಗಳನ್ನು ಕೆಂಪು ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಒಂದು ದಿನವೂ ಗಂಟೆ ತಪ್ಪಿದವಳಲ್ಲ. ಹೊರಗಿನಿಂದ ಬಂದವರು ಸೇತುವೆ ದಾಟಿ, ಇನ್ನೂ ತೆರೆಯದ ಅಂಗಡಿಯ ಮುಂದೆ ಕೈಕಟ್ಟಿ ನಿಂತಿರುವುದನ್ನು ಕಂಡರೆ ಅವಳಿಗೆ ನಗು ಬರುತ್ತಿತ್ತು.

ಕಳೆದ ಚಳಿಗಾಲದಲ್ಲಿ ಅವಳ ಅಕ್ಕನ ಮಗಳು ಪಿನ್ಯಾ ಆ ಪುಸ್ತಕವನ್ನು ಕಸಿದುಕೊಂಡು ಎಲ್ಲವನ್ನೂ ಫೋನಿಗೆ ಏರಿಸಿದಳು.

“ನದಿ ಹತ್ರ ಹೋದ್ರೆ ಇದಕ್ಕೆ ತಲೆ ಕೆಡುತ್ತೆ ಕಣೇ,” ಎಂದಳು ಕೈಸು. “ಒಂದು ಸಲ ಆ ದಡದ ಗಂಟೆ ತೋರಿಸುತ್ತೆ, ಒಂದು ಸಲ ಈ ದಡದ್ದು.”

“ಇನ್ಮೇಲೆ ಕೆಡಲ್ಲ ಚಿಕ್ಕಮ್ಮಾ. ನಮ್ಮ ಗಂಟೆಗೆ ಕಟ್ಟಿ ಹಾಕಿದ್ದೀನಿ. ಅವರು ಹತ್ತು ಅಂದ್ರೆ ನೀನು ಹನ್ನೊಂದು ಅಂತ ಒತ್ತು. ಅಷ್ಟೇ.”

ಅಷ್ಟೇ ಇತ್ತು. ಕೈಸು ತಪ್ಪದೆ ಒಂದು ಕೂಡಿಸಿ ಒತ್ತುತ್ತಿದ್ದಳು.

ಪ್ರತಿ ಮಂಗಳವಾರ ಹನ್ನೆರಡಕ್ಕೆ, ಆ ದಡದ ಹನ್ನೊಂದಕ್ಕೆ, ಫೋನು ಒಂದೇ ಹೆಸರು ತೋರಿಸುತ್ತಿತ್ತು: ಫೋಲ್ಕೆ. ಫೋಲ್ಕೆ ನಿಸ್ಕಾ ಹಾಪಾರಂಡಾದ ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತನಾದವನು. ಅವನ ಹೆಂಡತಿ ಸೈಮಿ ಟೊರ್ನಿಯೊದವಳು. ಮದುವೆಯಾಗಿ ಹೋಗುವಾಗ ತನ್ನೂರಿನ ಗಂಟೆ ತೋರಿಸುವ ಗಡಿಯಾರವೊಂದನ್ನು ಒಯ್ದು ಅಡುಗೆಮನೆಯ ಗೋಡೆಗೆ ಹಾಕಿದ್ದಳು. ಕೊನೆಯ ಹತ್ತು ವರ್ಷ ಅವಳ ಪಾದ ನೋಡಿದವಳು ಕೈಸು. ಸೈಮಿ ಹೋದ ಮೇಲೂ ಫೋಲ್ಕೆ ಆ ಗಡಿಯಾರವನ್ನು ಇಳಿಸಲಿಲ್ಲ. ಕೆಲವು ತಿಂಗಳಾದ ಮೇಲೆ ಅವನೇ ಕರೆ ಮಾಡಿ, “ನನ್ನ ಕಾಲೂ ಸ್ವಲ್ಪ ನೋಡ್ತೀಯಾ?” ಎಂದಿದ್ದ.

ಪಾದದ ಆರೈಕೆ ಆರು ವಾರಕ್ಕೊಮ್ಮೆ ಸಾಕು. ಕೈಸು ಎಲ್ಲರ ಮನೆಗೂ ಹೋಗುತ್ತಿದ್ದುದು ಹಾಗೆಯೇ. ಆದರೆ ಆ ಮೊದಲ ದಿನ ಫೋಲ್ಕೆಯ ಮೇಜಿನ ಮುಂದೆ ದಿನಚರಿ ತೆರೆದಾಗ ಅವಳ ಕೆಂಪು ಪೆನ್ಸಿಲು ಮುಂದಿನ ಮಂಗಳವಾರದ ಮೇಲೆ ನಿಂತಿತು. “ಮುಂದಿನ ವಾರ?” ಎಂದಳು. ಅವನು “ಸರಿ” ಎಂದ. ಅಲ್ಲಿಗೆ ಮುಗಿಯಿತು. ನಾಲ್ಕು ವರ್ಷ ವಾರ ತಪ್ಪಲಿಲ್ಲ. ಐದು ವಾರ ಬರೀ ಮುಲಾಮು ತಿಕ್ಕುವಳು, ಆರನೆಯ ವಾರ ಬೋಗುಣಿ ಬಿಚ್ಚುವಳು. ಆಮೇಲೆ ಕಾಫಿ. ಗಿಣ್ಣಿನಂಥ ಚೀಸಿನ ತುಂಡುಗಳನ್ನು ಲೋಟದ ತಳಕ್ಕೆ ಹಾಕಿ, ಮೇಲೆ ಬಿಸಿ ಕಾಫಿ ಹುಯ್ಯುವುದು ಫೋಲ್ಕೆಯ ಕೆಲಸ.

ಏಪ್ರಿಲಿನ ಒಂದು ಮಂಗಳವಾರ ಅವನು ಕಾಫಿ ಹುಯ್ಯುತ್ತಲೇ ಹೇಳಿದ: “ಕಣ್ಣು ಮಂಜಾದ್ಮೇಲೆ ಇನ್ನು ಕಾರು ಓಡಿಸೋ ಹಾಗಿಲ್ಲ. ದಕ್ಷಿಣಕ್ಕೆ, ಗೋಥೆನ್‌ಬರ್ಗಿಗೆ ಬಂದ್ಬಿಡು ಅಂತಾಳೆ ಮಗಳು. ಮನೆ ಮಾರಿದ್ದಾಯ್ತು. ಮುಂದಿನ ವಾರ, ಗುರುವಾರ ಹತ್ತೂವರೆ ಬಸ್ಸು.”

“ಒಳ್ಳೇದಾಯ್ತು,” ಎಂದಳು ಕೈಸು. ಫೋನು ತೆಗೆದು ಗುರುವಾರ, ಹತ್ತೂವರೆ ಎಂದು ಒತ್ತಿದಳು. ಕಾಫಿಯಲ್ಲಿ ನೆನೆದ ಚೀಸು ಅವಳ ಲೋಟದಲ್ಲೇ ಉಳಿಯಿತು.

ಆಮೇಲಿನ ದಿನಗಳಲ್ಲಿ ಅವಳು ಒಂದು ಮಾತನ್ನು ಸಿದ್ಧಮಾಡಿಕೊಂಡಳು. ಅದು ದೊಡ್ಡ ಮಾತೇನಲ್ಲ. ‘ಆ ಮಂಗಳವಾರಗಳೆಲ್ಲ ನಿನ್ನ ಕಾಲಿಗೋಸ್ಕರ ಆಗಿರಲಿಲ್ಲ.’ ಕೊನೆಯ ಮಂಗಳವಾರ ಮನೆಯಲ್ಲಿ ಸಾಮಾನು ಕಟ್ಟುವವರು ತುಂಬಿದ್ದರು, ಹೇಳಲಾಗಲಿಲ್ಲ. ಬಸ್ಸು ಹೊರಡುವ ಮೊದಲು ಹೇಳಿಬಿಡಬೇಕು ಎಂದುಕೊಂಡಳು. ಹೇಳದೆ ಹೋದರೆ ಅದು ಇನ್ನೆಂದಿಗೂ ಹೇಳದ ಮಾತಾಗಿ ಉಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಒಂದು ಮನೆಯಲ್ಲಿ ಕೆಲಸ ತಡವಾಯಿತು. ಫೋನಿನಲ್ಲಿ ಹತ್ತೂಕಾಲು ದಾಟಿದಾಗ ಅವಳು ಚೀಲ ಹೆಗಲಿಗೇರಿಸಿ ಸೇತುವೆಯ ಮೇಲೆ ಅರ್ಧ ಓಡಿದಳು, ಅರ್ಧ ನಡೆದಳು. ಕೆಳಗೆ ನದಿಯ ಮಂಜುಗಡ್ಡೆ ಬೂದುಬಣ್ಣಕ್ಕೆ ತಿರುಗಿತ್ತು. ಆ ದಡದ ನಿಲ್ದಾಣದಲ್ಲಿ ಬಸ್ಸು ಇರಲಿಲ್ಲ. ಅತ್ತಿತ್ತ ನೋಡಿದಳು. ಆಮೇಲೆ ಬೆಂಚಿನ ಮೇಲೆ ಫೋಲ್ಕೆ ಕಂಡ. ಪಕ್ಕದಲ್ಲಿ ಪೆಟ್ಟಿಗೆ, ತೊಡೆಯ ಮೇಲೆ ಟವೆಲ್ಲು ಸುತ್ತಿದ ಒಂದು ಗಂಟು.

“ಬಸ್ಸು... ತಡವಾ?” ಏದುಸಿರು ಬಿಡುತ್ತ ಕೇಳಿದಳು.

ಫೋಲ್ಕೆ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಯಾರ ಹತ್ತೂವರೆಗೆ ಬಂದೆ ನೀನು?”

ಕೈಸು ನಿಲ್ದಾಣದ ಗಡಿಯಾರದತ್ತ ತಿರುಗಿದಳು. ಒಂಬತ್ತು ಇಪ್ಪತ್ತೇಳು. ಅಂದು ಕಾಫಿಯ ಮುಂದೆ ಕೂತು ಒಂದು ಕೂಡಿಸುವುದನ್ನೇ ಮರೆತಿದ್ದಳು.

ಫೋಲ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಅಂಗಡಿ ಮುಂದೆ ನಿಲ್ಲೋರನ್ನ ಕಂಡು ನಗ್ತಿದ್ದೆ ಅಲ್ವಾ? ಬಾ, ನೀನೂ ನಿಲ್ಲು ಈಗ.”

“ನೀನ್ಯಾಕೆ ಇಷ್ಟು ಬೇಗ ಬಂದಿದ್ದೀಯಾ ಮತ್ತೆ?”

“ಒಂಬತ್ತಕ್ಕೆ ಬೀಗದ ಕೈ ಕೊಟ್ಬಿಟ್ಟೆ. ಇನ್ನೆಲ್ಲಿ ಕೂರಲಿ? ನಂಗೆ ಮನೆ ಎಲ್ಲಿದೆ ಈಗ?”

ಅವಳು ಪಕ್ಕದಲ್ಲಿ ಕೂತಳು. ಲೆಕ್ಕದಲ್ಲಿಲ್ಲದ ಒಂದು ಗಂಟೆ ಕೈಗೆ ಸಿಕ್ಕಿತ್ತು. ಅವನ ಫ್ಲಾಸ್ಕಿಗೆ ಒಂದೇ ಮುಚ್ಚಳ, ಸರದಿಯ ಮೇಲೆ ಕುಡಿದರು. ಮಂಜುಗಡ್ಡೆ ಯಾವಾಗ ಒಡೆಯಬಹುದು ಎಂದು ಮಾತಾಡಿದರು. ಮನೆ ಕೊಂಡವರು ಸೌದೆ ಒಲೆ ಕಿತ್ತುಹಾಕುತ್ತಾರಂತೆ, ಅದನ್ನೂ ಮಾತಾಡಿದರು. ಕೈಸು ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಬೇರೇನೋ ಹೇಳಿದಳು. ಹತ್ತು ಇಪ್ಪತ್ತಾಯಿತು.

“ಅಲ್ಲೂ ಒಬ್ಬಳು ಕಾಲು ನೋಡೋಳಿದ್ದಾಳೆ,” ಎಂದ ಫೋಲ್ಕೆ. “ಮಗಳು ಆಗಲೇ ದಿನ ಗೊತ್ತು ಮಾಡಿದ್ದಾಳೆ. ಆರು ವಾರಕ್ಕೊಮ್ಮೆ.”

ಕೈಸು ಮುಚ್ಚಳವನ್ನೇ ನೋಡುತ್ತಿದ್ದಳು.

“ವಾರ ವಾರ ಬರಲ್ವಾ ಅಂತ ಆ ಕಾಲು ನೋಡೋಳನ್ನೇ ಫೋನಲ್ಲಿ ಕೇಳಿದೆ. ನಕ್ಕುಬಿಟ್ಟಳು.”

“ಫೋಲ್ಕೆ, ನಾನು...”

“ಸೈಮಿ ಕಾಲನ್ನ ಹತ್ತು ವರ್ಷ ನೋಡಿದೆ ನೀನು. ಆರು ವಾರಕ್ಕೊಮ್ಮೆ. ಬಾಗಿಲು ತೆಗೀತಿದ್ದೋನು ನಾನೇ.”

“ಗೊತ್ತಿದ್ದೂ ಏನೂ ಹೇಳಲಿಲ್ಲವಾ?”

“ಹೇಳಿದ್ರೆ ನೀನು ಆರು ವಾರಕ್ಕೊಮ್ಮೆ ಬರ್ತಿದ್ದೆ.”

ಬಸ್ಸು ಬಂದು ನಿಂತಿತು. ಚಾಲಕ ಪೆಟ್ಟಿಗೆಯನ್ನು ಒಳಗೆ ಹಾಕಿದ. ಟವೆಲ್ಲಿನ ಗಂಟನ್ನು ಮಾತ್ರ ಫೋಲ್ಕೆ ಕೊಡಲಿಲ್ಲ. ಅದರ ಅಂಚು ಸರಿಸಿ ಅವಳಿಗೆ ತೋರಿಸಿದ. ಸೈಮಿಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

“ಅಲ್ಲೂ ಗೋಡೆಗೆ ಹಾಕ್ತೀನಿ. ಇಲ್ಲಿ ನಿನಗೆ ಎಷ್ಟು ಗಂಟೆ ಅಂತ ನೋಡೋಕೆ ಬೇಕಲ್ಲ.”

ಅವಳು ಸಿದ್ಧಮಾಡಿಕೊಂಡು ಬಂದ ಮಾತು ಬೇಕಾಗಲೇ ಇಲ್ಲ. ಅವನ ಕೋಟಿನ ಮೇಲಿನ ಗುಂಡಿ ಹಾಕಿದಳು. “ಕಾಲು ಬೆಚ್ಚಗಿಟ್ಟುಕೋ,” ಎಂದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು.

ಸೇತುವೆಯ ನಡುವೆ ನಿಂತು ಫೋನು ತೆಗೆದಳು. ಮಂಗಳವಾರದ ಹನ್ನೆರಡನ್ನು ಅಳಿಸಲು ಹೋದರೆ, ಇದೊಂದನ್ನೇ ಅಳಿಸಬೇಕೋ, ಮುಂದಿನವನ್ನೆಲ್ಲವೋ ಎಂದು ಅದು ಕೇಳಿತು. ಅವಳು ಬಹಳ ಹೊತ್ತು ಆ ಎರಡು ಸಾಲುಗಳನ್ನು ನೋಡಿದಳು. ಯಾವುದನ್ನೂ ಒತ್ತದೆ ಫೋನನ್ನು ಜೇಬಿಗೆ ಹಾಕಿ ಮನೆಯ ಕಡೆ ನಡೆದಳು.

ಮುಂದಿನ ಮಂಗಳವಾರ ಟೊರ್ನಿಯೊದಲ್ಲೇ ಲೆಂಪಿ ಅಜ್ಜಿಯ ಪಾದ ಅವಳ ಮಡಿಲಲ್ಲಿದ್ದಾಗ, ಫೋನಿನಲ್ಲಿ ಅಳಿಸದೆ ಬಿಟ್ಟಿದ್ದ ನೆನಪಿನ ಗಂಟೆ ಸದ್ದುಮಾಡಿತು. ಕೈ ತುಂಬ ಮುಲಾಮು, ಆರಿಸುವ ಹಾಗಿರಲಿಲ್ಲ.

“ಯಾರೋ ಕಾಯ್ತಿದ್ದಾರೆ ಅಂತ ಕಾಣುತ್ತೆ ಮಗಳೇ,” ಎಂದಳು ಅಜ್ಜಿ. “ಹನ್ನೆರಡಾಯ್ತೇನು?”

“ಇಲ್ಲಿ ಹನ್ನೆರಡು,” ಎಂದಳು ಕೈಸು, ಹಿಮ್ಮಡಿಯನ್ನು ನಿಧಾನವಾಗಿ ತಿಕ್ಕುತ್ತ. “ಅಲ್ಲಿ ಈಗ ಹನ್ನೊಂದು. ಕಾಫಿ ಹುಯ್ಯೋ ಹೊತ್ತು.”